ಹಿತ್ತಲ ಕಲ್ಲಿನ ಸಾಲು

"ಗುಡಿ ಎಷ್ಟ್ ಚಂದ ಆತಲ್ರಾ" ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಚಂದ ಆದದ್ದು ನಿಜ. ಭಟ್ಕಳದ ನಮ್ಮ ಮನೆಯ ಹಿಂದೆ ಮುಳ್ಳು, ಹಾವು ತುಂಬಿಕೊಂಡಿದ್ದ ಹಳೇ ಕಲ್ಲು ಗುಡಿಯನ್ನು ಪುರಾತತ್ವ ಇಲಾಖೆಯವರು ಎರಡು ಬೇಸಿಗೆ ಕೂತು ರಿಪೇರಿ ಮಾಡಿದರು. ಅವರಿಗೆ ಮಜ್ಜಿಗೆ ಕೊಟ್ಟವಳು ನಾನು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡೆ. "ನಮ್ಮ ಹಿತ್ತಲಲ್ಲೂ ಇಂಥದೇ ಕಲ್ಲಿನ ಸಾಲು ಉಂಟು, ಬನ್ನಿ" ಎಂದು ಕರೆದೊಯ್ದು ಹುಲ್ಲು ಸರಿಸಿ ತೋರಿಸಿದೆ. ಅದು ಗುಡಿಯ ಹೊರಗೋಡೆಯ ಪಾಯವಂತೆ. ಅವರು ಕೈಮುಗಿದರು, ನಾನು ಉಬ್ಬಿದೆ.

ಆಮೇಲೆ ಇಲಾಖೆಯ ಅಳತೆ ಟೇಪು ಬಂತು. ಗುಡಿಯ ಸುತ್ತ ನೂರು ಮೀಟರಿನೊಳಗೆ ಹೊಸ ಗೋಡೆ ಏಳುವ ಹಾಗಿಲ್ಲ. ಅದುವರೆಗೆ ಗುಡಿಯ ಮೆಟ್ಟಿಲಿನಿಂದ ಅಳೆದು ನನ್ನ ಮನೆಯನ್ನು ಹೊರಗೆ ಬಿಟ್ಟಿದ್ದವರು ಈಗ ನನ್ನ ಹಿತ್ತಲಿನಿಂದ ಅಳೆದರು. ನನ್ನ ಮನೆ ಪೂರ್ತಿ ಗೆರೆಯ ಒಳಗೆ. ಪಾಲಿನಲ್ಲಿ ಹೆದ್ದಾರಿ ಬದಿಯ ಗದ್ದೆ ಸಿಕ್ಕಿದ್ದ ಮೈದುನನ ಜಾಗ ಹೊರಗೆ. ಗುಡಿ ನೋಡಲು ಬರುವವರಿಗೆ ಹೋಂಸ್ಟೇ ಕಟ್ಟುತ್ತೇನೆಂದು ಹೊನ್ನಾವರದವನೊಬ್ಬ, ಮೈದುನ ಬಾಯಿಬಿಟ್ಟ ರೇಟಿಗೇ ಅದನ್ನು ಕೊಂಡ. ನನ್ನ ಜಾಗವನ್ನು ಕೇಳುವ ನಾಯಿಯೂ ಇಲ್ಲ.

ಮಾರುವುದು ನನಗೆ ಬೇಕಿರಲೂ ಇಲ್ಲ. ಮಗಳು ಚೊಚ್ಚಲ ಬಸುರಿ. ಬಾಣಂತನಕ್ಕೆ ಒಂದು ಕೋಣೆ, ಪಕ್ಕದಲ್ಲೇ ಬಚ್ಚಲು ಕಟ್ಟಿಸಲು ಚಿರೆಕಲ್ಲು ತರಿಸಿಟ್ಟಿದ್ದೆ. ಇದ್ದ ಒಂದೇ ಕೋಣೆಯಲ್ಲಿ ಪಾರ್ಶ್ವವಾಯು ಹೊಡೆದ ಗಂಡ ಮಲಗಿದ್ದರು. ಅರ್ಜಿ ಹಿಡಿದು ಇಲಾಖೆಯ ಕಚೇರಿಗೆ ಅಲೆದೆ. "ನೋಡುವ" ಎಂದರು. ಹೆರಿಗೆ ಇವರು ನೋಡುವವರೆಗೆ ಕಾಯುತ್ತದೆಯೇ?

ಗದ್ದೆ ಮಾರಿದ ದುಡ್ಡಿನಲ್ಲಿ ಮೈದುನ ಪಕ್ಕದೂರು ಜಾಲಿಯಲ್ಲಿ ಮಹಡಿ ಮನೆ ಕೊಂಡಿದ್ದ. ಮೇಲಿನ ಕೋಣೆ ಖಾಲಿಯೇ ಇತ್ತು. ನಾಚಿಕೆ ಬಿಟ್ಟು, ಮೂರು ತಿಂಗಳ ಮಟ್ಟಿಗೆ ಕೊಡು ಎಂದು ಕೇಳಿದೆ.

"ಎಂತ ಅತ್ಗೆ, ಕಲ್ಲು ತೋರ್ಸುಕೆ ನಾ ಹೇಳಿದ್ನಾ?" ಎಂದು ನಕ್ಕ.

ಅವನ ಮನೆಯ ಚಾ ಮುಟ್ಟದೆ ಎದ್ದು ಬಂದೆ. ಇವತ್ತಿಗೂ ಆ ಹೊಸ್ತಿಲು ತುಳಿದಿಲ್ಲ, ತುಳಿಯುವುದೂ ಇಲ್ಲ.

ಏಳು ತಿಂಗಳು ತುಂಬುವಾಗ ಮಗಳು ಕುಮಟೆಯ ಗಂಡನ ಮನೆಯಿಂದ ಫೋನ್ ಮಾಡಿದಳು. "ಅತ್ತೆನೇ ಬಾಣಂತನ ಮಾಡ್ತಾರಂತೆ ಅಮ್ಮ. ನೀ ತಲೆಬಿಸಿ ಮಾಡ್ಕಬೇಡ."

ಚೊಚ್ಚಲ ಬಾಣಂತನ ತವರಿನ ಹಕ್ಕು. ನನ್ನ ಮೊಮ್ಮಗನಿಗೆ ಎಣ್ಣೆ ಹಚ್ಚಿ ಮೀಯಿಸಿದವರು ಬೇರೆಯವರು. ನಾನು ಹಣ್ಣು ಹಿಡಿದುಕೊಂಡು ನೆಂಟರ ಹಾಗೆ ಹೋಗಿ, ಜಗಲಿಯ ಕುರ್ಚಿಯಲ್ಲಿ ಕೂತು, ಅವರು ಕೊಟ್ಟಾಗ ಮಗುವನ್ನು ಎತ್ತಿಕೊಂಡು, ಐದು ಗಂಟೆಯ ಬಸ್ಸಿಗೆ ವಾಪಸು ಬಂದೆ.