ತುತ್ತೂರಿಗೆ ಆಸರೆಯಾದ ಹಲ್ಲು

ನಮ್ಮ ಮನೆಯವರ ಮೇಲಿನ ಮುಂದಿನ ಹಲ್ಲು ಹುಳುಕಾಗಿ ವರ್ಷಗಳೇ ಆಗಿದ್ದವು. ಬೇರೆಯವರಾಗಿದ್ದರೆ ಕೀಳಿಸಿ ಬಿಸಾಡುತ್ತಿದ್ದರು. ಇವರು ಮೆರವಣಿಗೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಊದುವಾಗ ತುಟಿಗೆ ಒಳಗಿನಿಂದ ಆಸರೆ ಕೊಡುವುದು ಮುಂದಿನ ಹಲ್ಲುಗಳೇ.

"ಇದು ಹೋದ್ರೆ ಗಾಳಿ ಬರುತ್ತೆ ಕಣೇ, ಸ್ವರ ಬರಲ್ಲ," ಎನ್ನುತ್ತಿದ್ದರು.

"ಬೇರೆ ಹಲ್ಲು ಕಟ್ಟಿಸ್ಕೊಳ್ಳಿ ರೀ, ಊರೆಲ್ಲ ಕಟ್ಟಿಸ್ಕೊಳ್ಳಲ್ವಾ?"

"ನಮ್ಮ ಬ್ಯಾಂಡಿನ ಹಳೇ ಮೇಷ್ಟ್ರೂ ಕಟ್ಟಿಸ್ಕೊಂಡ್ರು. ಊದೋಕಾಗ್ದೆ ಈಗ ಗೇಟು ಕಾಯ್ತಿದ್ದಾರೆ."

ಇನ್ನೇನು ಹೇಳಲಿ! ನಾನು ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗೆ. ಲವಂಗದೆಣ್ಣೆಯ ಹತ್ತಿ ಒತ್ತಿಕೊಂಡು ದಿನ ತಳ್ಳಿದರು. ಒಂದೇ ಕಡೆ ಅಗಿಯುತ್ತಿದ್ದರು. ಆಮೇಲೆ ಅಗಿಯುವುದನ್ನೇ ಬಿಟ್ಟು ಎಲ್ಲವನ್ನೂ ಕಿವುಚಿ ನುಂಗತೊಡಗಿದರು. ನಮ್ಮದು ಒಂದೇ ಕೋಣೆ, ಹಿಂದೆ ಅಡುಗೆಮನೆ. ಅಕ್ಕಪಕ್ಕದವರು ಬೈಯಬಾರದೆಂದು ತುತ್ತೂರಿಯ ಅಗಲ ಬಾಯಿಗೆ ಬಟ್ಟೆ ತುರುಕಿ, ಬೀರುವಿನ ಕಡೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದರು. ಬಾಯಿ ವಾಸನೆ ನನಗೆ ಬಡಿಯಬಾರದೆಂದು ಮಲಗುವಾಗಲೂ ಗೋಡೆಯ ಕಡೆಗೇ ತಿರುಗುತ್ತಿದ್ದರು. ಆ ಬೆನ್ನು ನೋಡಿ ನೋಡಿ ನನಗೆ ರೇಗುತ್ತಿತ್ತು, ಅಳುವೂ ಬರುತ್ತಿತ್ತು.

ಆಮೇಲೆ ಸಂಜೆ ಸಂಜೆ ಜ್ವರ ಶುರುವಾಯಿತು. ಔಷಧಿ ಅಂಗಡಿಯ ಮಾತ್ರೆ ನುಂಗಿದರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಬ್ಯಾಂಡಿನ ಕೋಟು ಜೋಲತೊಡಗಿತು. ನಾನು ಗುಂಡಿಗಳನ್ನು ಒಳಗೆ ಸರಿಸಿ ಹೊಲಿದೆ. ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡರು.

ನನ್ನ ತಮ್ಮನೂ ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾನೆ. ಮೆರವಣಿಗೆಯ ಕೊನೆಯ ಹಾಡಿನಲ್ಲಿ ಒಂದು ಉದ್ದನೆಯ ಸ್ವರ ಬರುತ್ತದೆ. ಅಲ್ಲಿ ಭಾವನ ಉಸಿರು ಕಟ್ಟಿದರೆ ಯಾರಿಗೂ ತಿಳಿಯಬಾರದೆಂದು ಇವನು ಡ್ರಮ್ಮನ್ನು ಗುಡುಗಿಸಿಬಿಡುತ್ತಿದ್ದ. ಮಹಾ ಉಪಕಾರ! ಜನ ಅದನ್ನೇ ಹೊಸ ಶೈಲಿ ಎಂದುಕೊಂಡು ಚಪ್ಪಾಳೆ ತಟ್ಟಿದರು. ಪಕ್ಕದ ಬೀದಿಯ ಬ್ಯಾಂಡಿನವರು ಕಲಿತೂ ಬಿಟ್ಟರು. ಒಳಗೊಳಗೇ ಮನುಷ್ಯ ಮುಗಿಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ದಿನ ಆ ಸ್ವರದ ಹೊತ್ತಿಗೆ ಇವರು ಬೀದಿಯ ನಡುವೆಯೇ ಕುಸಿದು ಕೂತರು.

ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನು ಎಲ್ಲ ಆಯಿತು. ಕಡೆಗೆ, "ಬಾಯಿ ತೆರೀರಿ," ಎಂದರು. ಇವರು ತುಟಿ ಬಿಗಿಹಿಡಿದರು.

"ಹಲ್ಲಿಗೂ ಎದೆಗೂ ಏನಮ್ಮಾ ಸಂಬಂಧ?"

"ಎರಡರಲ್ಲೂ ಓಡೋದು ಒಂದೇ ರಕ್ತ ಅಲ್ವಾ ಯಜಮಾನ್ರೇ? ಹಲ್ಲಿನ ಬೇರಲ್ಲಿ ಕೀವು ಕಟ್ಟಿದೆ. ಅದರ ಕ್ರಿಮಿ ರಕ್ತಕ್ಕೆ ಸೇರಿ ಹೃದಯದ ಕವಾಟದಲ್ಲಿ ಗೂಡು ಕಟ್ಟಿದೆ. ಆ ಕವಾಟ ಮೊದಲಿಂದ್ಲೇ ಸ್ವಲ್ಪ ಸೊಟ್ಟ, ನಿಮಗೆ ಗೊತ್ತಿರಲಿಲ್ಲ ಅಷ್ಟೆ. ವಾರಗಟ್ಟಲೆ ಇಲ್ಲೇ ಮಲಗಿ ಔಷಧಿ ತಗೋಬೇಕು. ಹಲ್ಲು ತೆಗೀಲೇಬೇಕು. ಬಿಟ್ರೆ ಮತ್ತೆ ಇದೇ ಗತಿ, ಜೀವಕ್ಕೇ ಅಪಾಯ."

"ಆಮೇಲೆ ಊದಬಹುದಾ?"

"ಈ ಕವಾಟ ಇಟ್ಕೊಂಡು? ಬೇಡ."

ಅತ್ತ ದರಿ, ಇತ್ತ ಪುಲಿ. ಇವರು ಮತ್ತೆ ಗೋಡೆಯ ಕಡೆ ತಿರುಗಿದರು. ನನಗೆ ತಡೆಯಲಾಗಲಿಲ್ಲ.

"ರೀ, ಆ ಹಲ್ಲು ಬೇಕಾ, ನಾನು ಬೇಕಾ? ಹೇಳಿಬಿಡಿ!"

ಅವರು ಡಾಕ್ಟರಮ್ಮನ ಕಡೆ ತಿರುಗಿ ಬಾಯಿ ತೆರೆದರು. ಆ ಹಲ್ಲಿನ ಜೊತೆಗೆ ಅಕ್ಕಪಕ್ಕದ ಎರಡು ಹಲ್ಲುಗಳೂ ಹೋದವು.

ಈಗ ಮನೆಯಲ್ಲಿದ್ದಾರೆ. ಜ್ವರವಿಲ್ಲ, ಮೈ ತುಂಬಿಕೊಂಡಿದೆ. ಮಲಗುವಾಗ ನನ್ನ ಕಡೆಗೇ ತಿರುಗುತ್ತಾರೆ. ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ, ಮಾತೂ ಕಮ್ಮಿ. ತುತ್ತೂರಿಯನ್ನು ನಾನು ಬೀರುವಿನ ಮೇಲೆ ಇಟ್ಟಿದ್ದೇನೆ. ಅವರು ಕೇಳಿಯೂ ಇಲ್ಲ.

ನಿನ್ನೆ ನಮ್ಮ ಬೀದಿಯಲ್ಲೇ ಬ್ಯಾಂಡು ಬಂತು. ಅದೇ ಹಾಡು. ಉದ್ದನೆಯ ಸ್ವರದ ಜಾಗಕ್ಕೆ ಬರುತ್ತಲೇ ಇವರ ಕೆನ್ನೆ ತಾನಾಗಿಯೇ ಉಬ್ಬಿತು. ಹೊರಗೆ ತಮ್ಮನ ಡ್ರಮ್ ಗುಡುಗಿತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ," ಎಂದರು, ಖಾಲಿ ಒಸಡಿನಿಂದ ಗಾಳಿ ಸೋರುತ್ತಿತ್ತು. "ನಾನು ಇಲ್ಲ ಅನ್ನೋದೇ ಯಾರಿಗೂ ಗೊತ್ತಾಗ್ಲಿಲ್ಲ."

ನಾನು ಸ್ಟೂಲು ಹತ್ತಿ ತುತ್ತೂರಿ ಇಳಿಸಿ ಅವರ ತೊಡೆಯ ಮೇಲಿಟ್ಟೆ. ಊದಲು ಬಾಯಿಗಿಡುವ ತುಂಡನ್ನು ಮಾತ್ರ ಕಳಚಿ ನನ್ನ ಮುಷ್ಟಿಯಲ್ಲೇ ಉಳಿಸಿಕೊಂಡೆ.