ಸೈಕಲ್ಲಿನ ಮೇಲಿದ್ದ ಹೆಸರು

ವೀಣಾ, ಆ ನೀಲಿ ಬಣ್ಣದ ಕೆಳಗೆ ನಿನ್ನ ಹೆತ್ತವ್ವನ ಹೆಸರಿಲ್ಲ. ನಾನೇ ಉಜ್ಜಿ ಅಳಿಸಿದ್ದೇನೆ — ಈ ಕೈಯಿಂದಲೇ, ಒಂದೊಂದೇ ಅಕ್ಷರವಾಗಿ. ಇಪ್ಪತ್ತಾರು ವರ್ಷ ನಿನಗೆ ಸುಳ್ಳು ಹೇಳಿಕೊಂಡು ಬಂದೆ.

ನಿನ್ನೆ ನೀನು ಸಿರುಗುಪ್ಪದಿಂದ ಫೋನ್ ಮಾಡಿ, ‘ಅವ್ವಾ, ಭಾನುವಾರ ಸೈಕಲ್ಲಿನ ಬಣ್ಣ ಸಾವಕಾಶ ತೆಗಿತೀನಿ. ನನ್ನ ಮಗಳಿಗೆ ಗಿರಿಜಜ್ಜಿ ಕೈಬರಹ ತೋರಿಸ್ಬೇಕು. ನೀನೂ ಬಾ, ಹೆಂಗ ತೆಗಿಬೇಕಂತ ನಿನಗ ಗೊತ್ತೈತಿ’ ಅಂದೆ. ನಾನು ‘ಹ್ಞೂಂ’ ಅಂದೆ. ಹ್ಞೂಂ!

ಗೊತ್ತಿಲ್ಲದೆ ಮಾಡಿದ್ದಲ್ಲ. ಕುರುಗೋಡಿನಲ್ಲಿ ನಮ್ಮಪ್ಪನದು ಸೈಕಲ್ ಶಾಪು. ಹಳೆ ಸೈಕಲ್ಲಿಗೆ ಬಣ್ಣ ಹಚ್ಚುವುದನ್ನು ನೋಡುತ್ತಲೇ ಬೆಳೆದವಳು ನಾನು. ಫ್ರೇಮಿನ ಮೇಲೆ ಯಾರದಾದರೂ ಹೆಸರು ಬರೆದಿದ್ದರೆ ಅಪ್ಪ ಅದರ ಮೇಲೆ ಟೇಪು ಅಂಟಿಸಿ, ಸುತ್ತ ಬಣ್ಣ ಹಚ್ಚಿ, ಆಮೇಲೆ ಟೇಪು ಕಿತ್ತು ಹೆಸರನ್ನು ಹಾಗೇ ಉಳಿಸಿಕೊಡುತ್ತಿದ್ದ. ‘ಸೈಕಲ್ಲಿನವರನ್ನ ಕೇಳಲಾರದೆ ಹೆಸರಿಗೆ ಕೈ ಹಚ್ಚಬ್ಯಾಡವಾ’ ಎಂದು ನನಗೆ ಎಷ್ಟು ಸಲ ಹೇಳಿದ್ದನೋ.

‘ಗಿರಿಜಾ’ — ಬಿಳಿ ಬಣ್ಣದಲ್ಲಿ, ಕಡ್ಡಿಯ ತುದಿಯಿಂದ ನಿನ್ನ ಹೆತ್ತವ್ವ ತಾವೇ ಬರೆದುಕೊಂಡಿದ್ದು. ‘ಜಾ’ದ ಬಾಲ ಸ್ವಲ್ಪ ಮೇಲಕ್ಕೆ ಹೋಗಿತ್ತು. ಅದೇ ಸೈಕಲ್ಲಿನಲ್ಲಿ ಅವರು ಕೊಳಗಲ್ಲಿನ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಎರಡು ವರ್ಷಕ್ಕೆ ನಾನು ಬಳ್ಳಾರಿಯ ಈ ಮನೆಗೆ ಬಂದೆ. ನಿಮ್ಮಪ್ಪ ದಿನಾ ಬೆಳಿಗ್ಗೆ ಹೆಗಲ ಟವೆಲ್ಲಿನಿಂದ ಆ ಹೆಸರನ್ನು ಒರೆಸುತ್ತಿದ್ದರು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವವರುಂಟೇ? ನಾನು ಪಟ್ಟೆ. ನೀನೋ, ನನ್ನನ್ನು ‘ಅವ್ವಾ’ ಅನ್ನದೆ ‘ಚಿಗವ್ವಾ’ ಅನ್ನುತ್ತಿದ್ದೆ, ಅದೂ ದೂರ ನಿಂತು.

ತುಕ್ಕು ಹಿಡಿದಿದೆ, ವೀಣಾಗೆ ಹೊಸದು ಮಾಡಿಕೊಡುತ್ತೇನೆ ಅಂದೆ. ಅಬ್ಬಾ, ಎಲ್ಲರೂ ಎಷ್ಟು ಹೊಗಳಿದರು! ನೀನು ಶಾಲೆಗೆ, ನಿಮ್ಮಪ್ಪ ಕೆಲಸಕ್ಕೆ ಹೋದ ಮೇಲೆ ಚಕ್ರ ಬಿಚ್ಚಿ ಫ್ರೇಮನ್ನು ಮಾಳಿಗೆಯ ಮೇಲೆ ಹಗ್ಗಕ್ಕೆ ತೂಗುಹಾಕಿದೆ. ಆ ಮಧ್ಯಾಹ್ನ ಈಗಲೂ ಕನಸಿನ ಹಾಗೆ ಬರುತ್ತದೆ — ಸೀಮೆಎಣ್ಣೆಯ ವಾಸನೆ, ಬಿಸಿಲಿಗೆ ಕದಲಿದಂತೆ ಕಾಣುವ ಕೋಟೆಗುಡ್ಡ, ಫ್ರೇಮು ತಾನಾಗಿ ಮೆಲ್ಲಗೆ ತಿರುಗಿ ಹೆಸರನ್ನು ನನ್ನ ಕಡೆ ತರುವುದು, ಮತ್ತೆ ಆಚೆ ಒಯ್ಯುವುದು... ಟೇಪು ಪಕ್ಕದಲ್ಲೇ ಇತ್ತು. ಕೈಗೆ ತೆಗೆದುಕೊಂಡಿದ್ದೆ ಕೂಡ. ಇಟ್ಟುಬಿಟ್ಟೆ. ಉಪ್ಪುಕಾಗದ ಹಿಡಿದು ಉಜ್ಜಿದೆ. ಬೆರಳ ತುಂಬ ಬಿಳಿ ಪುಡಿ; ಊದಿಬಿಟ್ಟೆ. ಆಮೇಲೆ ನೀಲಿ ಹಚ್ಚುವಾಗ ನಾನು ಹಾಡಿಕೊಳ್ಳುತ್ತಿದ್ದೆ, ವೀಣಾ. ಅದನ್ನೂ ಹೇಳಲೇಬೇಕು.

ಬಣ್ಣ ಒಣಗಿದ ದಿನ ನಿಮ್ಮಪ್ಪ ಬಂದು ನೋಡಿದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು, ಅಷ್ಟೇ. ಸಾಯುವವರೆಗೂ ಒಂದು ಮಾತು ಕೇಳಲಿಲ್ಲ. ನೀನು ಮಾತ್ರ ಆ ಜಾಗ ತಡವಿ, ‘ನಮ್ಮವ್ವನ ಹೆಸರು ಎಲ್ಲೈತಿ?’ ಅಂದೆ.

‘ಒಳಗೈತವ್ವಾ. ಬಿಸ್ಲು ಮಳಿ ತಾಗಬಾರ್ದಂತ ಬಣ್ಣದಾಗ ಮುಚ್ಚಿಟ್ಟೀನಿ.’

ನೀನು ಓಡಿಬಂದು ನನ್ನ ಸೊಂಟ ತಬ್ಬಿಕೊಂಡೆ. ‘ಅವ್ವಾ’ ಅಂದೆ — ಮೊದಲ ಸಲ. ಸುಳ್ಳು ಹೇಳಿ ಗಳಿಸಿಕೊಂಡ ಆ ಕರೆಯನ್ನು ಕಳೆದುಕೊಳ್ಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಸೀಟು, ಬೆಲ್ಲು ಎಲ್ಲ ಬದಲಿಸಿದರೂ ಆ ಬಣ್ಣಕ್ಕೆ ನೀನು ಯಾರನ್ನೂ ಕೈ ಹಚ್ಚಗೊಡಲಿಲ್ಲ. ಪರೀಕ್ಷೆಗೆ ಹೋಗುವಾಗ, ಗಂಡನ ಮನೆಗೆ ಸೈಕಲ್ಲನ್ನೂ ತೆಗೆದುಕೊಂಡು ಹೊರಡುವಾಗ ಆ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಟ್ಟು, ನೀನು ಓದುವಷ್ಟು ಹೊತ್ತೂ ಎದುರಿಗೇ ಕೂತಿರುತ್ತೇನೆ. ನಿನ್ನ ಹೆತ್ತವ್ವನ ಬರಹ ಇನ್ನೆಲ್ಲೂ ಉಳಿದಿಲ್ಲ. ನೀನಾಗ ಸಣ್ಣವಳು; ‘ಜಾ’ದ ಬಾಲ ಹೇಗಿತ್ತೆಂದು ಸರಿಯಾಗಿ ಬಲ್ಲವಳು ಈಗ ನಾನೊಬ್ಬಳೇ. ನಿನ್ನೆಯಿಂದ ಬರೆದು ಬರೆದು ನೋಡಿದೆ — ನನ್ನ ಅಕ್ಷರವೇ ಬರುತ್ತದೆ.

ಓದಿ ಮುಗಿಸಿ ನೀನು ‘ಚಿಗವ್ವಾ’ ಎಂದು ಕರೆದರೆ, ಅದಕ್ಕೂ ಓಗೊಡುತ್ತೇನೆ.