ಸೋಬಾನದ ತೆರಪು

ಟೀಚರಮ್ಮನ ಎಡಗೈಯಲ್ಲಿ, ಮೊಣಕೈಯ ಒಳಮಗ್ಗುಲಿಗೆ, ಹಗ್ಗದಷ್ಟು ದಪ್ಪಗೆ ಉಬ್ಬಿದ ಒಂದು ನರವಿತ್ತು. ಡಯಾಲಿಸಿಸ್‌ಗೆಂದು ವೈದ್ಯರು ಎರಡು ರಕ್ತನಾಳ ಕೂಡಿಸಿ ಹೊಲಿದ ಜಾಗ ಅದು. ಬೆರಳಿಟ್ಟರೆ ಸಣ್ಣಗೆ ನಡುಗುತ್ತಿತ್ತು, ಕಿವಿಯಿಟ್ಟರೆ ಗುಂಯ್ ಎನ್ನುತ್ತಿತ್ತು. ನೋಡಲು ಬಂದವರು ಮುಖ ತಿರುಗಿಸಿದರೆ ಟೀಚರಮ್ಮನೇ ಕೈ ಮುಂದೆ ಚಾಚಿ, "ಅಂಜಬ್ಯಾಡ್ರಿ, ಶ್ರುತಿ ಪೆಟ್ಟಿಗಿ. ದೇವರು ಮೈಯಾಗೇ ಹಚ್ಚಿ ಕೊಟ್ಟಾನ," ಎನ್ನುತ್ತಿದ್ದರು.

ಬಳ್ಳಾರಿಯಲ್ಲಿ ಅವರದು ನಮ್ಮ ಎದುರು ಮನೆ. ಚಿಕ್ಕಂದಿನಲ್ಲಿ ನನಗೆ ಮಗ್ಗಿ ಕಲಿಸಿದವರು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದ ಮೇಲೂ ಓಣಿಯ ಮಂದಿಗೆ ನನ್ನನ್ನು ತೋರಿಸಿ, "ಇಕಿ ಏಳರ ಮಗ್ಗಿಗೆ ಅತ್ತಾಕಿ," ಎಂದೇ ಪರಿಚಯ ಹೇಳುತ್ತಿದ್ದರು.

ಅವರ ಹುಟ್ಟೂರು ರಾರಾವಿ. ಅಲ್ಲಿ ಅವರು, ಅವರ ಅಕ್ಕ ಮತ್ತು ಒಬ್ಬ ಗೆಳತಿ ಮದುವೆ ಮನೆಗಳಲ್ಲಿ ಸೋಬಾನ ಹಾಡುತ್ತ ಬೆಳೆದವರು. ಅಕ್ಕ ಒಂದು ಕಡೆ, ಟೀಚರಮ್ಮ ಮತ್ತು ಗೆಳತಿ ಇನ್ನೊಂದು ಕಡೆ. ಅಕ್ಕ ಹೇಳಿದ ಸಾಲಿನ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ಇವರಿಬ್ಬರೂ ಅದನ್ನು ಎತ್ತಿಕೊಳ್ಳಬೇಕು. ನಡುವೆ ಸದ್ದಿಲ್ಲದ ಜಾಗ ಉಳಿದರೆ ಅದಕ್ಕೆ ತೆರಪು ಎನ್ನುತ್ತಿದ್ದರು. ಮದುಮಕ್ಕಳು ಹಸೆಯ ಮೇಲೆ ಕುಳಿತಿರುವಾಗ ತೆರಪು ಬೀಳಕೂಡದು. "ತೆರಪಿನಾಗ ನಾಯಿ ನುಗ್ತೈತಿ ಅಂತ ನಮ್ಮವ್ವ ಬೈತಿದ್ಲು," ಎಂದು ಟೀಚರಮ್ಮ ಹೇಳಿದ್ದು ನೆನಪಿದೆ. ಆಮೇಲೆ ಅಕ್ಕ ಸಿರುಗುಪ್ಪಕ್ಕೆ, ಗೆಳತಿ ಕುರುಗೋಡಿಗೆ ಮದುವೆಯಾಗಿ ಹೋದರು.

ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಯಿತು. ನೀರು ಬೇಕಾದರೂ ಕೈಯಲ್ಲೇ ತೋರಿಸಬೇಕು. ಡಯಾಲಿಸಿಸ್ ಇಲ್ಲದ ಒಂದು ದಿನ ನೋಡಿ ಟೀಚರಮ್ಮ ಸಿರುಗುಪ್ಪದ ಬಸ್ಸು ಹತ್ತಿದರು. ಜೊತೆಗೆ ನಾನಿದ್ದೆ. ಮಂಚದ ಪಕ್ಕ ಕುಳಿತು ಬಹಳ ಹೊತ್ತು ಅಕ್ಕನ ಪಾದ ನೀವಿದರು. ಏನು ಮಾತಾಡುವುದೋ ತಿಳಿಯದೆ ಸೋಬಾನದ ಒಂದು ಸಾಲು ಗುನುಗಿದರು. ಆಗ ಅಕ್ಕನ ಸೊಟ್ಟ ಬಾಯಿಂದ ಮುಂದಿನ ಸಾಲು, ಒಂದು ಪದವೂ ಬಿಡದೆ, ಹೊರಗೆ ಬಂತು. ಸೊಸೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಮಾತು ಹೋದರೂ ಕೆಲವರಲ್ಲಿ ಹಾಡು ಉಳಿದಿರುತ್ತದೆ, ದಿನಾಲು ಹಾಡಿಸಿರಿ ಎಂದರು ವೈದ್ಯರು. ತೊಡಕು ಒಂದೇ. ಎದುರಿನವರು ಎತ್ತಿಕೊಳ್ಳುವುದು ಒಂದು ಉಸಿರು ತಡವಾದರೂ ಅಕ್ಕನ ಎಳೆ ಕಡಿದುಹೋಗುತ್ತಿತ್ತು. ಬಾಯಿ ತೆರೆದೇ ಇರುತ್ತಿತ್ತು, ಪದ ಬರುತ್ತಿರಲಿಲ್ಲ, ಕಣ್ಣು ತುಂಬಿಕೊಳ್ಳುತ್ತಿತ್ತು.

ಟೀಚರಮ್ಮ ದಿನಾಲು ಸಿರುಗುಪ್ಪಕ್ಕೆ ಹೋಗುವಂತಿರಲಿಲ್ಲ. ಡಯಾಲಿಸಿಸ್ ಬಳ್ಳಾರಿಯಲ್ಲಿ, ಅದಾದ ಮೇಲೆ ಎದ್ದು ನಿಲ್ಲುವುದೇ ಕಷ್ಟ. ಹಾಗಾಗಿ ವಿಡಿಯೋ ಕರೆ ಹಚ್ಚಿದೆವು. ಅಕ್ಕ ಒಂದು ಸಾಲು ಹೇಳಿದರು, ಟೀಚರಮ್ಮ ಎತ್ತಿಕೊಂಡರು, ಆದರೆ ಆ ದನಿ ಅಲ್ಲಿ ಮುಟ್ಟುವಷ್ಟರಲ್ಲಿ ಅಕ್ಕ ನಿಂತುಬಿಟ್ಟಿದ್ದರು.

"ತೆರಪು ಬೀಳಾಕತ್ತೈತಿ ಲೇ," ಎಂದರು ಟೀಚರಮ್ಮ.

ನಮ್ಮ ಪಾಠದಲ್ಲಿ ಇದಕ್ಕೆ ಲೇಟೆನ್ಸಿ ಎನ್ನುತ್ತೇವೆ ಎಂದೆ. ದನಿ ಇಲ್ಲಿಂದ ನೆಟ್ಟಗೆ ಸಿರುಗುಪ್ಪಕ್ಕೆ ಹೋಗುವುದಿಲ್ಲ, ಎಲ್ಲೋ ದೂರದ ಸರ್ವರ್ ಎಂಬ ಕಂಪ್ಯೂಟರನ್ನು ಮುಟ್ಟಿ ತಿರುಗಿ ಬರುತ್ತದೆ ಎಂದು ವಿವರಿಸಿದೆ.

"ಸಿರುಗುಪ್ಪಕ್ಕ ಹೋಗಾಕ ಪರದೇಶ ಸುತ್ತಬೇಕಾ? ಬಸ್ಸಿನ ಡ್ರೈವರ್ ಹಿಂಗ ಮಾಡಿದ್ರ ಮನಿಗೆ ಕಳಸ್ತಿದ್ರು."

ಚಿತ್ರ ಬಿಟ್ಟು, ದನಿಗೆಂದೇ ಒಂದು ಸಣ್ಣ ಸರ್ವರ್ ಅನ್ನು ಬಾಡಿಗೆಗೆ ಹಿಡಿದೆ. ಮೊದಲು ಸಿಕ್ಕಿದ್ದು ಸಿಂಗಪುರದಲ್ಲಿತ್ತು, ಅದನ್ನು ಬಿಟ್ಟು ಮುಂಬಯಿಯಲ್ಲಿರುವುದಕ್ಕೆ ಬದಲಾಯಿಸಿದೆ. ತೆರಪು ಬಹಳ ಕಡಿಮೆಯಾಯಿತು. ಆದರೂ ನಡುನಡುವೆ ಸಿರುಗುಪ್ಪದ ಕಡೆ ದನಿ ತಡೆದು ತಡೆದು ಬರುತ್ತಿತ್ತು. ಅಕ್ಕನ ಮಗ ಇನ್ನೂ ಹೆಚ್ಚಿನ ವೇಗದ ಇಂಟರ್ನೆಟ್ ಹಾಕಿಸಿದ. ಏನೂ ಬದಲಾಗಲಿಲ್ಲ. ರಸ್ತೆ ಅಗಲ ಮಾಡಿದರೆ ಊರು ಹತ್ತಿರ ಬರುವುದಿಲ್ಲ.

ಕಾರಣ ನೋಡಲು ನಾನೇ ಹೋದೆ. ನಡುಮನೆಯ ಕಲ್ಲಿನ ಗೋಡೆಯಲ್ಲಿ ದೇವರ ಗೂಡು, ಅದಕ್ಕೆ ಹಿತ್ತಾಳೆ ತಗಡಿನ ಕದ. ಕದ ತೆಗೆದರೆ ಒಳಗೆ, ಮನೆದೇವರ ಪಕ್ಕದಲ್ಲಿ, ರೌಟರ್. ಅದರ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಹಿತ್ತಾಳೆ ದಾಟಿ, ಮೊಳದಗಲದ ಗೋಡೆ ದಾಟಿ, ಹಿಂದಿನ ಕೋಣೆಯ ಮಂಚದ ತನಕ ಸಿಗ್ನಲ್ ಹೋಗಬೇಕಿತ್ತು.

"ದೇವರ ದೀಪದ ಪ್ಲಗ್ ಅಲ್ಲೇ ಐತ್ರಿ," ಎಂದಳು ಸೊಸೆ. "ಇಲಿ ಕಾಟಾನೂ ಇಲ್ಲ. ಅತ್ತಿಯವ್ರಿಗೆ ಬಾಯಿ ಕೊಟ್ಟ ಡಬ್ಬಿ ಅಂತ ದಿನಾ ಪೂಜಿ ಮಾಡ್ತೀನಿ."

ಹೊರಗೆ ತೆಗೆಯಬೇಕು ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಪೂಜೆಗೊಂಡದ್ದನ್ನು ಗೂಡಿನಿಂದ ಎಬ್ಬಿಸಬಾರದಂತೆ, ಮನೆಗೆ ಕೇಡಂತೆ. ನಾನು ಹೇಳಿದ್ದು ಯಾವುದೂ ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಟೀಚರಮ್ಮನಿಗೆ ಫೋನು ಹಚ್ಚಿ ಸ್ಪೀಕರ್‌ಗೆ ಹಾಕಿದೆ.

"ಲೇ ಅವ್ವಾ, ದೇವರು ಯಾರಿಗೆ ಫೋನ್ ಹಚ್ತಾನ? ಅವಗ ನೆಟ್ ಬ್ಯಾಡ. ನಿಮ್ಮತ್ತಿಗೆ ಬೇಕು. ಅಕಿ ತಲಿದಿಂಬಿನ ಹತ್ರ ಇಡು, ಪೂಜಿ ಬೇಕಾದ್ರ ಅಲ್ಲೇ ಮಾಡು. ಇಬ್ಬರಿಗೂ ಆಕ್ಕೈತಿ."

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಾಯಿ ಒಡೆದು, ಎರಡೂ ಕೈಯಲ್ಲಿ ರೌಟರ್ ಎತ್ತಿಕೊಂಡು, ಅಕ್ಕನ ತಲೆದಿಂಬಿನ ಹಿಂದಿನ ಹಲಗೆಯ ಮೇಲೆ ತಾನೇ ಇಟ್ಟಳು. ನಾನು ವೈರು ಎಳೆದು ಜೋಡಿಸಿ ಅಕ್ಕನ ಕಿವಿಗೆ ಇಯರ್‌ಫೋನ್ ಹಾಕಿದೆ.

ಅಂದಿನಿಂದ ಬೆಳಗಿನ ಹಾಲು ಕಾಯಿಸಿದ ಮೇಲೆ ಹಾಡು. ಕುರುಗೋಡಿನ ಗೆಳತಿಯೂ ತಮ್ಮ ಮನೆಯಿಂದ ಕೂಡಿಕೊಂಡರು. ದೂರ ಇದ್ದೇವೆಂದು ಅವರು ಗಟ್ಟಿಯಾಗಿ ಒದರುತ್ತಿದ್ದರು. "ಸಣ್ಣಗ ಹಾಡಲೇ, ಕುರುಗೋಡಿನ ಗುಡ್ಡ ಬಿರೀತೈತಿ," ಎಂದು ಟೀಚರಮ್ಮ ಗದರುತ್ತಿದ್ದರು. ಕೂದಲೆಳೆಯಷ್ಟು ತಡ ಇನ್ನೂ ಉಳಿದಿತ್ತು, ಅದನ್ನು ತೆಗೆಯುವುದು ನನ್ನಿಂದಾಗಲಿಲ್ಲ. ಟೀಚರಮ್ಮ ಅದಕ್ಕೂ ದಾರಿ ಕಂಡುಕೊಂಡರು. ಅಕ್ಕನ ಸಾಲು ಕೊನೆ ಮುಟ್ಟುವ ಸ್ವಲ್ಪ ಮೊದಲೇ ಬಾಯಿ ತೆರೆಯುವುದು. "ಅಕಿ ಮುಗಸ್ಲಿ ಅಂತ ಕಾಯಬಾರ್ದು. ಕಾದ್ರ ತಡ ಆತು. ಅಕಿ ಉಸಿರು ಎಲ್ಲಿ ಇಳೀತೈತಿ ಅನ್ನೋದು ನನಗೆ ಗೊತ್ತೈತಿ," ಎನ್ನುತ್ತಿದ್ದರು. ಗೆಳತಿಗೂ ಅದನ್ನೇ ಕಲಿಸಿದರು. ಡಯಾಲಿಸಿಸ್ ಮುಗಿಸಿ ಬಂದು ತುಟಿ ಒಣಗಿದ್ದಾಗಲೂ ಗೋಡೆಗೆ ಒರಗಿ ಹಾಡಿದ್ದನ್ನು ನಾನು ಎದುರು ಕುಳಿತು ನೋಡಿದ್ದೇನೆ. ಮಲಗಿರಿ ಎಂದರೆ, "ನಾ ಮಲಗಿದ್ರ ಅಕಿ ಮೂಕಿ ಆಗ್ತಾಳ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ, ಡಯಾಲಿಸಿಸ್ ನಡೆಯುತ್ತಿರುವಾಗಲೇ ರಕ್ತದೊತ್ತಡ ಇಳಿಯಿತು. ಮತ್ತೆ ಏರಲಿಲ್ಲ. ನಾನು ಆಸ್ಪತ್ರೆ ಮುಟ್ಟಿದಾಗ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಅಕ್ಕನಿಗೆ ಈಗಲೇ ಹೇಳುವುದು ಬೇಡವೆಂದು ಮನೆಯವರು ತೀರ್ಮಾನಿಸಿದರು. ಮರುದಿನ ಬೆಳಿಗ್ಗೆ ಸೊಸೆ ಫೋನು ಮಾಡಿದಳು. "ಅತ್ತಿ ಇಯರ್‌ಫೋನ್ ಹಾಕು ಅಂತ ಕೈ ಮಾಡಾಕತ್ತಾರ. ನಾ ಏನ್ ಮಾಡ್ಲಿ?" ನಾನು ಕುರುಗೋಡಿಗೆ ಫೋನು ಹಚ್ಚಿದೆ. ಗೆಳತಿ ಹೇಳಿದರು: "ಅಕಿ ಪಾಲಿಂದೂ ನಾನೇ ಹಿಡೀತೀನಿ. ತೆರಪು ಬೀಳಂಗಿಲ್ಲ."

ನಾನು ನನ್ನ ಮನೆಯಲ್ಲಿ ಕುಳಿತು ಕೇಳುತ್ತಿದ್ದೆ. ಅಕ್ಕ ಮೊದಲ ಸಾಲು ಹೇಳಿದರು. ಗೆಳತಿ ಎತ್ತಿಕೊಂಡರು. ಕೊನೆಯ ಅಕ್ಷರ ಇನ್ನೂ ಇರುವಾಗಲೇ, ಸರಿಯಾದ ಜಾಗದಲ್ಲಿ, ದನಿ ನಡುಗದಂತೆ. ನಡುವೆ ಏನೂ ಉಳಿಯಲಿಲ್ಲ. ಗೆಳತಿಯ ಸಾಲು ಮುಗಿಯಿತು. ಅಕ್ಕ ಎತ್ತಿಕೊಳ್ಳಲಿಲ್ಲ. ಎಲ್ಲಿಯೋ ಕಡಿದಿರಬೇಕೆಂದು ಪರದೆ ನೋಡಿದೆ. ಮೂರೂ ಕಡೆಯ ಸಂಪರ್ಕ ಸರಿಯಾಗಿತ್ತು.

ಆಮೇಲೆ ಕೇಳಿಸಿತು. ರಾಗವಿಲ್ಲದೆ, ಬರೀ ಮಾತಿನಲ್ಲಿ:

"ಹೋದ್ಲಾ?"

ಪಾರ್ಶ್ವವಾಯು ಹೊಡೆದ ಮೇಲೆ ಅಕ್ಕ ಹಾಡಿನ ಹೊರಗೆ ಆಡಿದ ಮಾತು ಅದೊಂದೇ. ಕುರುಗೋಡಿನಿಂದ ಬಿಕ್ಕುವ ಸದ್ದು ಬಂತು. "ಹೌದ್ರಿ ಅತ್ತಿ," ಎಂದವಳು ಸೊಸೆ. ಕಿವಿಯಿಂದ ಇಯರ್‌ಫೋನ್ ತೆಗೆಯಲು ಹೋದರೆ, ಬಲವಿದ್ದ ಒಂದೇ ಕೈಯಿಂದ ಅಕ್ಕ ಅದರ ವೈರನ್ನು ಹಿಡಿದುಕೊಂಡರಂತೆ. ಹೊತ್ತು ಏರುವ ತನಕ ಬಿಡಲಿಲ್ಲವಂತೆ.